ಬೀಗರ ಡಬ್ಬಿ, ಎಣಿಕೆಯ ದಿನ

೧

ಎಲ್ಲಿಂದ ಶುರು ಮಾಡಲಿ? ದೇಶದಿಂದಲೇ ಶುರು ಮಾಡೋಣ ಅಂದುಕೊಂಡು ‘ಅದು ಐತಿಹಾಸಿಕ ಚುನಾವಣೆಯ ಬೇಸಿಗೆ’ ಎಂದು ಬರೆದೂ ಬಿಟ್ಟೆ. ಮತ್ತೆ ಓದಿದರೆ ಸಂಪಾದಕೀಯದ ವಾಸನೆ ಬಂತು. ಹೊಡೆದು ಹಾಕಿದೆ. (ಬೇಸಿಗೆ ಮಾತ್ರ ನಿಜ. ಸೇಡಂನ ಬೇಸಿಗೆಯನ್ನು ಹೊಡೆದು ಹಾಕುವುದು ಯಾವ ಲೇಖಕನಿಂದಲೂ ಆಗದು.)

ಸರಿ, ಲುಂಬಿನಿಯಿಂದ ಶುರು ಮಾಡುತ್ತೇನೆ. ಸೇಡಂನವಳು, ಕುರಕುಂಟಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ವಾಡಿಯ ಕಪಿಲನ ಜೊತೆ ಅವಳ ಮದುವೆ ಗೊತ್ತಾಗಿದೆ. ಎರಡೂ ಮುಹೂರ್ತ ನೋಡುವ ಮನೆತನಗಳಲ್ಲ. ಭವನ ಖಾಲಿ ಇದ್ದ ದಿನವೇ ಒಳ್ಳೆಯ ದಿನ ಎಂದು ಜೂನ್ ತಿಂಗಳ ಒಂದು ತಾರೀಖು ಹಿಡಿದಿದ್ದರು. ಅದಾದ ಮೇಲೆ ಚುನಾವಣೆ ಘೋಷಣೆಯಾಯಿತು. ಮತ ಎಣಿಕೆಯೂ ಅದೇ ದಿನ.

೨

ಲುಂಬಿನಿಯ ಅಪ್ಪ ಭೀಮಶ್ಯಾ ರಿಟೈರ್ಡ್ ಲೈನ್‌ಮನ್. ಗಾಳಿಮಳೆಯಲ್ಲಿ ಕಂಬ ಏರಿದವರು, ಈಗ ದಿನಾ ಬೆಳಿಗ್ಗೆ ಪೇಪರ್ ಬಿಚ್ಚುವಾಗ ಬೆವರುತ್ತಾರೆ. ಅವರದು ‘ಕಾಗಿಣಾ ಗುಡುಗು’. ವಾಡಿಯ ಬೀಗರು, ಅಂದರೆ ಕಪಿಲನ ಅಪ್ಪ ಚೌಡೇಶ, ಓದುವುದು ‘ಜಂಕ್ಷನ್ ಜ್ವಾಲೆ’. ಒಂದು ಪತ್ರಿಕೆ ಒಂದು ಪಕ್ಷದ್ದು, ಇನ್ನೊಂದು ಇನ್ನೊಂದರದ್ದು. (ಯಾವುದು ಯಾವುದರದ್ದು ಎಂದು ನೀವು ಆಗಲೇ ಊಹಿಸಿದ್ದೀರಿ. ಊಹಿಸಿ, ನನ್ನದೇನೂ ತಕರಾರಿಲ್ಲ.)

ಮಳೆ ಬಂತು ಎಂದು ಒಂದು ಬರೆದರೆ, ಯಾರೋ ನೀರು ಚಿಮುಕಿಸಿದ್ದಾರೆ ಎಂದು ಇನ್ನೊಂದು ಬರೆಯುತ್ತದೆ. ಒಂದು ವಿಷಯದಲ್ಲಿ ಮಾತ್ರ ಎರಡರದ್ದೂ ಒಮ್ಮತ: ಎಣಿಕೆಯ ದಿನ ಗಲಾಟೆ ಖಚಿತ, ಬಾಗಿಲು ಹಾಕಿಕೊಂಡು ಒಳಗಿರಿ. ಗಲಾಟೆ ಮಾಡುವವರು ಯಾರು? ಆ ಕಡೆಯವರು. ಯಾವ ಕಡೆ ಎನ್ನುವುದು ಪೇಪರನ್ನು ಅವಲಂಬಿಸಿತ್ತು.

“ಬೀಗರ, ಲಗ್ನ ಒಂದೀಟು ಮುಂದ ಹಾಕಿದ್ರ ಹೆಂಗ್ರಿ?” ಎಂದು ಭೀಮಶ್ಯಾ ಫೋನಿನಲ್ಲಿ ಕೇಳಿದರು.

“ನಾನೂ ಅದೇ ಹೇಳಬೇಕಂತ ಮಾಡಿದ್ದೆ ನೋಡ್ರಿ” ಅಂದರು ಚೌಡೇಶ.

ಸಂಬಂಧ ಬೆಳೆದಂದಿನಿಂದ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ಲುಂಬಿನಿ ಒಪ್ಪಲಿಲ್ಲ. “ಅಪ್ಪಾ, ಎಣಿಕಿ ಮುಗದ ಮ್ಯಾಲ ನಿಮ್ಮಿಬ್ಬರೊಳಗ ಒಬ್ಬರು ಗೆದ್ದಿರ್ತೀರಿ, ಒಬ್ಬರು ಸೋತಿರ್ತೀರಿ. ಆಮ್ಯಾಲ ಬೀಗರು ಹೆಂಗ ಆಗ್ತೀರಿ?”

ಭೀಮಶ್ಯಾ ಪೇಪರಿನ ಪುಟ ತಿರುವಿದರು. ಎಣಿಕೆಯ ದಿನದ ಬಗ್ಗೆ ಇಡೀ ಊರು ಹೆದರಿತ್ತು. ಲುಂಬಿನಿಗೆ ಭಯ ಇದ್ದದ್ದು ಮರುದಿನದ ಬಗ್ಗೆ. ಆ ಮರುದಿನ ಬರುವುದರೊಳಗೆ ಮದುವೆ ಆಗದಿದ್ದರೆ ಆಗುವುದೇ ಇಲ್ಲ ಎಂದು ಅವಳಿಗೆ ಅನಿಸಿಬಿಟ್ಟಿತ್ತು, ಅವಳಿಗೆ ಕಪಿಲ ಬೇಕಾಗಿತ್ತು.

೩

ಇಲ್ಲಿ ನಾನೊಂದು ಭರ್ಜರಿ ದೃಶ್ಯ ಬರೆದಿದ್ದೆ. ಲುಂಬಿನಿ ‘ಗುಡುಗು’ ಆಫೀಸಿಗೆ ನುಗ್ಗುತ್ತಾಳೆ, ಸಂಪಾದಕರ ಮೇಜು ಗುದ್ದುತ್ತಾಳೆ, ಪತ್ರಿಕಾಧರ್ಮದ ಬಗ್ಗೆ ಎರಡು ಪುಟ ಮಾತಾಡುತ್ತಾಳೆ. ಭಾಷಣ ಚೆನ್ನಾಗಿಯೇ ಬಂದಿತ್ತು.

“ಸರ್, ಇದು ನೀವು ಮಾತಾಡಾಕತ್ತೀರಿ, ನಾನಲ್ಲ” ಅಂದಳು ಲುಂಬಿನಿ.

“ಮತ್ತೆ ನೀನು ಏನು ಮಾಡ್ತೀಯಮ್ಮ?”

“ಶೇಂಗಾ ಹೋಳಿಗಿ ಮಾಡಾಕತ್ತೀನ್ರಿ. ನಡಬರಕ ಬರಬ್ಯಾಡ್ರಿ.”

ಭಾಷಣ ಹರಿದು ಹಾಕಿದೆ. (ಒಂದು ಪ್ರತಿ ಇಟ್ಟುಕೊಂಡಿದ್ದೇನೆ. ಯಾವುದಾದರೂ ಸೆಮಿನಾರಿಗೆ ಆದೀತು.)

೪

ಈ ಸೀಮೆಯಲ್ಲಿ ಬೀಗರ ಮನೆಗೆ ಡಬ್ಬಿ ಹೋಗುತ್ತದೆ, ಡಬ್ಬಿ ಬರುತ್ತದೆ. ಬಂದ ಡಬ್ಬಿಯನ್ನು ಖಾಲಿ ವಾಪಸು ಕಳಿಸುವಂತಿಲ್ಲ. ಹೋಳಿಗೆ ಬಂದರೆ ಚಕ್ಕುಲಿ ಹಾಕಿ ಕಳಿಸಬೇಕು, ಚಕ್ಕುಲಿ ತಿಂದವರು ಕರ್ಚಿಕಾಯಿ ಹಾಕಬೇಕು. ಯಾರೂ ಮೊದಲು ನಿಲ್ಲಿಸುವ ಹಾಗಿಲ್ಲ. ಎಣ್ಣೆ ಹೀರಲೆಂದು ತಳಕ್ಕೆ ಪೇಪರ್ ಹಾಸುತ್ತಾರೆ.

ಭೀಮಶ್ಯಾ ಅವರ ಗೆಳೆಯ ಬಾಬುಮಿಯಾ ದಿನಾ ಪ್ಯಾಸೆಂಜರ್ ರೈಲಿನಲ್ಲಿ ವಾಡಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಸ್ಟೀಲಿನ ಡಬ್ಬಿ ಅವರ ತೊಡೆಯ ಮೇಲೆ ಕುಳಿತು ಚಿತ್ತಾಪುರ ದಾಟಿ ವಾಡಿ ಸೇರಿತು. ಅದರ ತಳದಲ್ಲಿ ‘ಗುಡುಗು’ ಇತ್ತು. ಮರುದಿನ ಚಕ್ಕುಲಿಯೊಂದಿಗೆ ಮರಳಿದಾಗ ತಳದಲ್ಲಿ ‘ಜ್ವಾಲೆ’ ಇತ್ತು. ಇದು ಕೇವಲ ಆಕಸ್ಮಿಕ.

“ಆಕಸ್ಮಿಕ ಅಂತ್ಯಾಕ ಬರದೀರಿ?” ಲುಂಬಿನಿ ಮತ್ತೆ ಬಂದಳು. “ಕೈಗಿ ಸಿಕ್ಕಿದ್ದು ರಾಶಿಭವಿಷ್ಯದ ಪುಟ. ಅದನ್ನ ಸರಿಸಿ, ಮೊದಲನೇ ಪುಟ ಹುಡುಕಿ ಹಾಸೀನಿ.”

“ವಾಡಿಯಿಂದ ಬಂದದ್ದು?”

“ಅದು ಕಪಿಲ ಹಾಸಿದ್ದು. ನಮ್ಮ ಕೈಯಾಗ ಫೋನ್ ಇಲ್ಲೇನ್ರಿ?”

ಅವಳ ಲೆಕ್ಕ ಹೀಗಿತ್ತು: ಅಪ್ಪಂದಿರು ಒಬ್ಬರ ಪೇಪರ್ ಇನ್ನೊಬ್ಬರು ಓದಿ ನಾಚಿಕೊಳ್ಳುತ್ತಾರೆ. ಲೆಕ್ಕ ತಪ್ಪಿತು. ಉತ್ತರ ಮಾತ್ರ ಸರಿ ಬಂತು.

೫

ಚಕ್ಕುಲಿ ಮುಗಿದ ಮೇಲೆ ಭೀಮಶ್ಯಾ ಎಣ್ಣೆ ಹೀರಿದ ಹಾಳೆಯನ್ನು ಮಂಚದ ಮೇಲೆ ಹರವಿದರು. ‘ಸೇಡಂ ಕಡೆ ಬಡಿಗೆಗಳು ಸಿದ್ಧ! ಎಣಿಕೆಯ ದಿನ ಆ ದಿಕ್ಕಿಗೆ ತಲೆ ಹಾಕಬೇಡಿ!’ ಅವರ ಮನೆಯಲ್ಲಿ ಇದ್ದದ್ದು ಒಂದೇ ಬಡಿಗೆ. ಅದರಿಂದ ಜೇಡರ ಬಲೆ ತೆಗೆಯುತ್ತಿದ್ದರು.

“ಬಾಬು, ಇದು ನಮ್ಮ ಬಗ್ಗೇನ ಬರದಾರೇನು?”

“ಹೌದು ಭಾಯ್. ವಾಡಿಯೊಳಗ ನಿಮಗ ಭಾಳ ಅಂಜಾಕತ್ತಾರ.”

“ನನಗ?”

“ನಿಮಗ.”

ಭೀಮಶ್ಯಾ ನೆಟ್ಟಗೆ ಕುಳಿತರು. ಹುಟ್ಟಿದಾಗಿನಿಂದ ಅವರಿಗೆ ಒಬ್ಬರೂ ಹೆದರಿದ್ದಿಲ್ಲ. ಬಿಲ್ ಕಟ್ಟದವರ ಕರೆಂಟ್ ತೆಗೆಯಲು ಹೋದರೆ ಚಹಾ ಕುಡಿಸಿ ವಾಪಸು ಕಳಿಸುತ್ತಿದ್ದರು. ಈಗ ಒಂದು ಜಂಕ್ಷನ್ನೇ ಹೆದರಿ ಕುಳಿತಿದೆ. ಹಿಗ್ಗಿ ಹೀರೇಕಾಯಿಯಾದರು. ಬಹಳ ಹೊತ್ತು ಮೀಸೆ ತಿರುವಿದ ಮೇಲೆ, ಹೆದರಿ ಕುಳಿತವರಲ್ಲಿ ಬೀಗರೂ ಇದ್ದಾರಲ್ಲ ಅನ್ನಿಸಿತು. ಫೋನ್ ಹಚ್ಚಿದರು.

“ಬೀಗರ, ಖರೇ ಹೇಳ್ರಿ. ನನಗ ಅಂಜೀರೇನು?”

“ಅಂಜಿದ್ದೆ ಬಿಡ್ರಿ. ಆದ್ರ ನಿಮ್ಮ ಹೋಳಿಗಿ ಕೆಳಗಿನ ಪೇಪರ್ ಓದಿದ್ರ, ನೀವೇ ನನಗ ಅಂಜೀರಂತ?”

“ಹೂಂನ್ರಿ, ಒಂದೀಟು.”

“ನನಗ್ರಿ? ನಾನು ನಮ್ಮ ಓಣಿ ನಾಯಿಗಿ ಅಂಜಿ ಸುತ್ತು ಹಾಕಿ ಮನಿಗಿ ಬರ್ತೀನಿ.”

ಇಬ್ಬರೂ ನಕ್ಕರು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು ಮಾಡುತ್ತಿದ್ದರು. (ನಾಯಿಯ ವಿಷಯ ಬರೆಯಬೇಡಿ ಎಂದು ಚೌಡೇಶ ಕೇಳಿಕೊಂಡರು. ಅಷ್ಟೊತ್ತಿಗೆ ಬರೆದಾಗಿತ್ತು.)

“ಅಂಜಿದವರನ್ನ ಹಂಗ ಮನ್ಯಾಗ ಕೂಡಿಸಬಾರದ್ರಿ,” ಅಂದರು ಭೀಮಶ್ಯಾ. “ಲಗ್ನ ಅವತ್ತೇ ಆಗ್ಲಿ. ಮಂದಿನ್ನ ಕರಕೊಂಡು ಬರ್ರಿ. ನನ್ನ ಬಡಿಗಿ ತೋರಸ್ತೀನಿ.”

ಒಳಗೆ ಲಟ್ಟಣಿಗೆ ಹಿಡಿದು ನಿಂತಿದ್ದ ಲುಂಬಿನಿ ಖುಷಿಯಿಂದ ಅತ್ತಳು. ಅಳು ಬೇಡ ಎಂದು ನಾನು ಅಂದುಕೊಂಡಿದ್ದೆ, ಅವಳು ನನ್ನನ್ನು ಕೇಳಲಿಲ್ಲ.

೬

ಅಂತ್ಯ, ಮೊದಲನೆಯದು: ಮದುವೆಯ ದಿನ ದೊಡ್ಡ ಗಲಾಟೆ. ಇದನ್ನು ಎರಡೂ ಪತ್ರಿಕೆಗಳು ಆಗಲೇ ಬರೆದು ಮುಗಿಸಿವೆ, ನಾನು ಬರೆದರೆ ನಕಲು ಅನ್ನಿಸಿಕೊಳ್ಳುತ್ತದೆ.

ಅಂತ್ಯ, ಇನ್ನೊಂದು: ಬೀಗರಿಬ್ಬರೂ ಪೇಪರ್ ಓದುವುದನ್ನೇ ಬಿಟ್ಟರು. ಸುಳ್ಳು. ಮದುವೆಯ ಬೆಳಿಗ್ಗೆಯೂ ಅರಿಶಿಣದ ಕೈಯಲ್ಲೇ ಭೀಮಶ್ಯಾ ಪುಟ ತಿರುವುತ್ತಿದ್ದರು.

ಆದದ್ದು ಇಷ್ಟು. ವಾಡಿಯ ಜನ ರೈಲು ತುಂಬ ಬಂದರು. ಭವನದ ಬಾಗಿಲಲ್ಲಿ ಲುಂಬಿನಿ ಇಬ್ಬರು ಅಪ್ಪಂದಿರ ಫೋನ್ ಇಸಿದುಕೊಂಡು ಆ ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಬೌದ್ಧ ಪದ್ಧತಿಯಂತೆ ತ್ರಿಶರಣ, ಪಂಚಶೀಲ ಆಯಿತು, ಹೂವು ಬಿದ್ದವು. ಅಷ್ಟೂ ಹೊತ್ತು ಡಬ್ಬಿಯೊಳಗೆ ದೇಶ ಗುಂಯ್ ಗುಂಯ್ ಅನ್ನುತ್ತಿತ್ತು. ಬೀಗರು ಪಕ್ಕಪಕ್ಕ ಊಟಕ್ಕೆ ಕುಳಿತರು. ಇವರು ಅವರ ತಟ್ಟೆಗೆ ಹೋಳಿಗೆ ಹಾಕಿದರು, ಅವರು ಇವರ ತಟ್ಟೆಗೆ ತುಪ್ಪ ಸುರಿದರು.

ಗೆದ್ದವರು ಯಾರು ಅಂತೀರಾ? ನನಗೆ ಗೊತ್ತು. ಬರೆಯಲೇ ಎಂದು ಲುಂಬಿನಿಯನ್ನು ಕೇಳಿದೆ.

“ಬ್ಯಾಡ್ರಿ ಸರ್,” ಅಂದಳು. “ಬರದ್ರ ಓದವರೊಳಗ ಅರ್ಧ ಮಂದಿ ಊಟ ಬಿಟ್ಟು ಏಳ್ತಾರ. ಪಂಕ್ತಿ ಇನ್ನಾ ನಡದದ.”

ಹಾಗಾಗಿ ಕಥೆ ಮುಗಿದಿಲ್ಲ. ಡಬ್ಬಿ ಈಗ ನಿಮ್ಮ ಕೈಯಲ್ಲಿದೆ. ತಳಕ್ಕೆ ಹಾಸಿದ್ದು ನನ್ನ ಪೇಪರು, ಅದನ್ನೂ ಪೂರ್ತಿ ನಂಬಬೇಡಿ. ವಾಪಸು ಕಳಿಸುವಾಗ ಖಾಲಿ ಕಳಿಸಬೇಡಿ. ನಿಮ್ಮ ಮನೆಗೆ ಬರುವ ಪೇಪರನ್ನೇ ಹಾಸಿ, ಮೊದಲನೇ ಪುಟ ಮೇಲಿರಲಿ.