ಎಡ ಮಡ್‌ಗಾರ್ಡಿನ ಚೌಕಟ್ಟು

ಗೋಧಿ ಬೆಳೆಯುವ ಮ್ಯಾಲಿ ಸೀಮೆಯಲ್ಲಿ ಹಳೇ ಟ್ರ್ಯಾಕ್ಟರಿನ ಯಾವ ಬಿಡಿಭಾಗ ಸಿಕ್ಕರೂ ಜನ ಅದನ್ನು ತಂದು ಕ್ಲೆಮ್ ನೋಸ್ಕೆಯ ಮುಂದಿಡುತ್ತಿದ್ದರು. ತುಕ್ಕು ಹಿಡಿದು ಆಕಾರಗೆಟ್ಟ ತುಂಡನ್ನೂ ಒಮ್ಮೆ ತಿರುಗಿಸಿ ನೋಡಿ, ಇದು ಇಂಥ ಗಾಡಿಯ ಇಂಥ ಭಾಗ ಎಂದುಬಿಡುತ್ತಿದ್ದ. ಹೇಳಿದ ಮೇಲೆ ಮೀಸೆಯನ್ನು ಒಂದು ಸಲ ಸವರಿಕೊಳ್ಳುವುದೂ ಇತ್ತು. ಅಂಥ ಕ್ಲೆಮ್ ಈಗ ಸ್ವಂತ ಶೆಡ್ಡಿನಲ್ಲಿ, ಸ್ವಂತ ಅಪ್ಪನ ಟ್ರ್ಯಾಕ್ಟರಿನ ಮುಂದೆ ಪೆದ್ದನಂತೆ ಕೂತಿದ್ದ.

ಅಪ್ಪ ಆಲ್ವಿನ್ ಯಾವ ಕಾಲದಲ್ಲೋ ಮಾರಿದ್ದ ಟ್ರ್ಯಾಕ್ಟರು ಅದು. ಕೊಂಡವರ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದು, ಹೋದ ವರ್ಷ ಹರಾಜಿನಲ್ಲಿ ಕ್ಲೆಮ್‌ನ ಕೈಸೇರಿತ್ತು. ಈಸ್ಟರ್ ಸೋಮವಾರದ ಹಳೇ ಟ್ರ್ಯಾಕ್ಟರುಗಳ ಮೇಳದಲ್ಲಿ ಅದಕ್ಕೆ ಮೊದಲ ಬಹುಮಾನದ ನೀಲಿ ರಿಬ್ಬನ್ ಗೆಲ್ಲಬೇಕು, ರಿಬ್ಬನ್ ಕಟ್ಟಿದ ಮೇಲೆಯೇ ಅಮ್ಮನಿಗೆ ತೋರಿಸಬೇಕು ಎಂಬುದು ಅವನ ಆಸೆ. ಹಾಗಾಗಿ ಅಮ್ಮನಿಗೆ ಸುಳಿವೇ ಕೊಟ್ಟಿರಲಿಲ್ಲ.

ನೀಲಿ ರಿಬ್ಬನ್ನಿಗೆ ನಿಯಮ ಒಂದೇ. ಕಾರ್ಖಾನೆಯಿಂದ ಹೊರಬಿದ್ದ ದಿನ ಟ್ರ್ಯಾಕ್ಟರು ಹೇಗಿತ್ತೋ ಹಾಗೇ ಇರಬೇಕು. ಆಮೇಲೆ ರೈತ ಬೆಸೆದದ್ದು, ಬಿಗಿದದ್ದು ಏನೇ ಇದ್ದರೂ ಅಂಕಕ್ಕೆ ಕತ್ತರಿ. ಆದ್ದರಿಂದ ಆ ಕಡೆಯ ಗಂಡಸರು ಚಳಿಗಾಲವೆಲ್ಲ ಶೆಡ್ಡಿನಲ್ಲಿ ಕೂತು, ತಮ್ಮ ಅಪ್ಪಂದಿರು ತಲೆ ಓಡಿಸಿ ಸೇರಿಸಿದ್ದನ್ನೆಲ್ಲ ಒಂದೊಂದಾಗಿ ಕಿತ್ತುಹಾಕುತ್ತಾರೆ. ಈ ಕೆಲಸಕ್ಕೆ ಅವರಿಟ್ಟ ಹೆಸರು ಜೀರ್ಣೋದ್ಧಾರ.

ಕ್ಲೆಮ್‌ಗೆ ಅರ್ಥವಾಗದ ಭಾಗಗಳು ಎರಡು. ಕ್ಲಚ್ ಪೆಡಲಿನ ಮೇಲೆ ಬೋಲ್ಟು ಹಾಕಿ ಕೂರಿಸಿದ ದಪ್ಪ ಮರದ ತುಂಡು ಒಂದು. ಅಪ್ಪ ಆರಡಿ ಆಳು, ಅವನಿಗೆ ಪೆಡಲು ಎತ್ತರಿಸುವ ಗರಜೇ ಇಲ್ಲ. ಆಮೇಲೆ ಕೊಂಡ ಯಾವನೋ ಕುಳ್ಳನ ಕೆಲಸ ಎಂದು ತೀರ್ಮಾನಿಸಿ ಅದನ್ನು ಕಿತ್ತು ಒಲೆಗೆ ಹಾಕಿದ್ದ. ಇನ್ನೊಂದು, ಎಡ ಮಡ್‌ಗಾರ್ಡಿನ ಮೇಲೆ ಕಬ್ಬಿಣದ ಪಟ್ಟಿ ಬಗ್ಗಿಸಿ ಬೆಸೆದ ಚೌಕಟ್ಟು. ಅದಕ್ಕೆ ಒಣಗಿ ಸೆಟೆದ ಚರ್ಮದ ಬೆಲ್ಟಿನ ಎರಡು ತುಂಡು ಜೋತುಬಿದ್ದಿದ್ದವು.

ಮೇಳಕ್ಕೆ ಒಂದು ವಾರ ಮೊದಲಿನ ಭಾನುವಾರ ಮರ್ವ್ ಜಾಡೊ ಬಂದ. ಕ್ಲೆಮ್‌ನ ಬಾಲ್ಯದ ಗೆಳೆಯ, ರಿಬ್ಬನ್ನಿಗೆ ಎದುರಾಳಿಯೂ ಅವನೇ.

"ಬಂದೂಕ ಇಡೋಕೆ ಮಾಡಿರೋದು ಕಣೋ. ಮೊಲ ಹೊಡೆಯೋಕೆ," ಎಂದ ಮರ್ವ್.

"ಚೌಕದ ಬಂದೂಕ ಎಲ್ಲಿ ನೋಡಿದ್ಯೋ ನೀನು?"

"ಹಂಗಾದ್ರೆ ನಾಯಿ ಸೀಟು. ಬೆಲ್ಟು ಬೇರೆ ಇದೆ ನೋಡು."

ನಾಯಿ ಸೀಟು ಎಂಬುದು ಕ್ಲೆಮ್‌ಗೂ ಒಪ್ಪಿಗೆಯಾಯಿತು. ಅವನು ಕಬ್ಬಿಣ ಕೊಯ್ಯುವ ಗ್ರೈಂಡರ್ ಎತ್ತಿಕೊಂಡು ಸ್ವಿಚ್ಚಿಗೆ ಕೈ ಹಾಕುವುದಕ್ಕೂ, ಚರ್ಚು ಮುಗಿಸಿದ ಅಮ್ಮ ಹುಲ್ಡಾ ಕೇಕಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ತೊಂಬತ್ತರ ಹತ್ತಿರದ ಮುದುಕಿ, ಎತ್ತರ ಮಗನ ಎದೆಗೂ ಬರುವುದಿಲ್ಲ. ತಟ್ಟೆಯನ್ನು ಮರ್ವ್‌ನ ಕೈಗೆ ತುರುಕಿ ಟ್ರ್ಯಾಕ್ಟರಿನ ಹತ್ತಿರ ಹೋಗಿ ಅದರ ಮೂತಿ ಸವರಿದಳು.

"ಬಿಕನಾಸಿ, ಇನ್ನೂ ಬದುಕಿದ್ದೀಯಾ?" ಎಂದಳು ಟ್ರ್ಯಾಕ್ಟರಿಗೆ. ಆಮೇಲೆ ಮಗನಿಗೆ, "ಅದನ್ಯಾಕೋ ಕೊಯ್ತಿದ್ದೀಯ?"

"ನಾಯಿ ಸೀಟು ಅಮ್ಮ. ಅಂಕ ಹೋಗುತ್ತೆ."

"ನಾಯಿ ಬಲಗಡೆ ಕೂತ್ಕೋತಿತ್ತು. ಅದಕ್ಕೆ ಬೆಲ್ಟು ಗಿಲ್ಟು ಬೇಕಿರ್ಲಿಲ್ಲ, ಬುದ್ಧಿ ಇತ್ತು. ಬೀಳ್ತಿದ್ದೋನು ನೀನು."

ಕ್ಲೆಮ್ ಗ್ರೈಂಡರ್ ಕೆಳಗಿಟ್ಟ.

"ನಿಮ್ಮಪ್ಪ ಯುದ್ಧಕ್ಕೆ ಹೋದ. ಗೋಧಿ ತನ್ನಷ್ಟಕ್ಕೆ ತಾನೇ ಬಿತ್ಕೊಳ್ಳುತ್ತಾ? ಹಣ್ಣಿನ ಪೆಟ್ಟಿಗೆ ಆ ಚೌಕಟ್ಟಲ್ಲಿ ಕೂರ್ಸಿ, ಅದರಲ್ಲಿ ನಿನ್ನ ಕೂರ್ಸಿ ಬೆಲ್ಟು ಬಿಗೀತಿದ್ದೆ. ಮನೇಲಿ ಬಿಟ್ರೆ ಹಾವು ಬಂದ್ರೆ ನೋಡೋರ್ಯಾರು? ಇಡೀ ದಿನ ನೀನು ಅರಚ್ತಿದ್ದೆ. ಇಂಜಿನ್ ನಿಂತಾಗಲೇ ನಂಗೆ ಗೊತ್ತಾಗ್ತಿತ್ತು."

"ಯಾವತ್ತೂ ಹೇಳ್ಲೇ ಇಲ್ವಲ್ಲಮ್ಮ."

"ಯಾರು ಕೇಳಿದ್ರಿ? ನಿಮ್ಮಪ್ಪ ವಾಪಸ್ ಬಂದೋನೇ ಇದನ್ನ ಮಾರಿ ದೊಡ್ಡದು ತಂದ. ಅದರ ಪೆಡಲು ನಂಗೆ ಎಟುಕ್ಲೇ ಇಲ್ಲ." ಅವಳು ಬಗ್ಗಿ ಕ್ಲಚ್ ನೋಡಿದಳು. "ಇದರ ಮರದ ತುಂಡೆಲ್ಲೋ?"

ಕ್ಲೆಮ್ ಗ್ರೈಂಡರಿನ ವೈರು ಸುತ್ತತೊಡಗಿದ. ಕೇಕು ಅಗಿಯುತ್ತಿದ್ದ ಮರ್ವ್ ಸಹಾಯಕ್ಕೆ ಬಂದ. "ಒಲೆಗೆ ಹಾಕ್ದ ಹುಲ್ಡಾ ಆಂಟಿ. ಚೆನ್ನಾಗಿ ಉರೀತಂತೆ."

ಊರಿನ ಕಬ್ಬಿಣವೆಲ್ಲ ಗುರುತು ಹಿಡಿಯುವವನಿಗೆ ತಾನು ಕೂತ ಜಾಗ ಗೊತ್ತಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಹೊರಡುವಾಗ ಮರ್ವ್ ದನಿ ತಗ್ಗಿಸಿ ಹೇಳಿದ, "ಈಗ ಕೊಯ್ದು, ಮೇಳ ಮುಗಿದ್ಮೇಲೆ ಮತ್ತೆ ಬೆಸ್ಕೊಳ್ಳೋ ಮಾರಾಯ. ಈ ಸಲ ರಿಬ್ಬನ್ ನಿಂದೇ." ಎದುರಾಳಿಯ ಬಾಯಲ್ಲಿ ಬಂದ ಮಾತು, ಸುಳ್ಳಿರಲಾರದು. ಕ್ಲೆಮ್ ಆ ವಾರವೆಲ್ಲ ಅದನ್ನೇ ಯೋಚಿಸಿದ. ಶುಕ್ರವಾರ ಎದ್ದವನು ಗ್ರೈಂಡರನ್ನು ಪೆಟ್ಟಿಗೆಗೆ ಹಾಕಿ, ಗಟ್ಟಿ ಮರ ಹುಡುಕಿ, ಅಮ್ಮನ ಬೂಟಿನ ಅಳತೆಗೆ ಹೊಸ ತುಂಡು ಕೆತ್ತಿ ಪೆಡಲಿಗೆ ಬಿಗಿದ.

ಸೋಮವಾರ ಮೈದಾನದೊಳಗೆ ಟ್ರ್ಯಾಕ್ಟರನ್ನು ನಡೆಸಿಕೊಂಡು ಬಂದವಳು ಹುಲ್ಡಾ. ಗೇರು ಹಾಕುವಾಗ ಒಂದು ಸಲ ಕಿರ್ರೆಂದಿತು, ಅಷ್ಟೇ. ಅವಳು ತಿರುವಿನಲ್ಲಿ ಬಿಗಿಯಾಗಿ ಹೊರಳಿಸಿದ್ದಕ್ಕೆ ಬೇಲಿಗೆ ಒರಗಿದ್ದ ಗಂಡಸರು ಕೂಡ ಟೋಪಿ ತೆಗೆದರು.

ತೀರ್ಪುಗಾರ ಪಕ್ಕದ ಸೀಮೆಯವನು, ಸೊಂಟ ನೋವಿನವನಂತೆ ಬಾಗಿ ಬಾಗಿ ನೋಡುತ್ತಾ ಬಂದ. ಮಡ್‌ಗಾರ್ಡಿನ ಹತ್ತಿರ ನಿಂತ.

"ಇದೇನ್ರೀ ಇದು? ಕಾರ್ಖಾನೇದಲ್ವಲ್ಲ?"

"ಅಲ್ಲ," ಎಂದ ಕ್ಲೆಮ್. "ಅಮ್ಮ ಬಿತ್ತುವಾಗ ನಾನು ಕೂತಿದ್ದ ಜಾಗ."

ತೀರ್ಪುಗಾರ ಚೌಕಟ್ಟನ್ನು ನೋಡಿದ, ಕ್ಲೆಮ್‌ನ ದೊಡ್ಡ ಹೊಟ್ಟೆಯನ್ನು ನೋಡಿದ, ಅಂಕ ಕಳೆದ. ನಿಯಮ ನಿಯಮವೇ. ರಿಬ್ಬನ್ ಮರ್ವ್‌ನ ಪಾಲಾಯಿತು.

ಕ್ಲೆಮ್‌ಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅಷ್ಟು ಹಗುರವಾದ ಬೇಸರ ಅವನು ಕಂಡಿರಲಿಲ್ಲ. ಚಹಾದ ಲೋಟ ಹಿಡಿದು ಬಂದಾಗ ಅಮ್ಮ ಇನ್ನೂ ಸೀಟಿನಿಂದ ಇಳಿದಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅಂಕದ ಚೀಟಿ ಓದಲು ಹೆಣಗುತ್ತಿದ್ದಳು.

"ಚೌಕಟ್ಟಿಗೆ ಎಷ್ಟು ಕಳೆದಿದ್ದಾನೋ?"

"ಹತ್ತು."

"ನನ್ನ ಪೆಡಲಿಗೆ?"

"ಐದು."

ಹುಲ್ಡಾ ಚೀಟಿಯನ್ನು ಮಗನ ಕೈಗೆ ಕೊಟ್ಟು ಚಹಾ ಇಸಿದುಕೊಂಡಳು.

"ಅರಚ್ಕೊಂಡು ಕೂತಿದ್ದೋನಿಗೆ ಹತ್ತು. ಹೊಲವೆಲ್ಲ ಬಿತ್ತಿದೋಳಿಗೆ ಐದು. ಕರಿಯೋ ಅವನನ್ನ, ನಂದೂ ಹತ್ತು ಕಳೀಲಿ."