ತೆಲುಗಿನಲ್ಲಿ ಕೇಳದ ಪ್ರಶ್ನೆ

ಶಿರಾದ ಬಟ್ಟೆ ವ್ಯಾಪಾರಿ ಕುತುಬುದ್ದೀನರ ಮಗಳು ಅಫ್ಜಲುನ್ನೀಸಾ ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ೧೯೬೩ರಲ್ಲಿ ತರಬೇತಿಗೆಂದು ದೂರದ ಮಾನಸಿಕ ಆಸ್ಪತ್ರೆಯೊಂದಕ್ಕೆ ಸೇರಿದಳು. ಹೆಂಗಸರ ವಾರ್ಡಿನ ಹಳೆಯ ಕಡತಗಳನ್ನು ನಕಲು ಮಾಡುವುದು ಅವಳಿಗೆ ಸಿಕ್ಕ ಮೊದಲ ಕೆಲಸ. ಪಾವಗಡದ ಕಡೆಯ ನಿಡುಗಲ್ಲಿನ ಚಿಕ್ಕಹನುಮಕ್ಕನ ಕಡತದಲ್ಲಿ ಇದ್ದದ್ದು ಒಂದೇ ಸಾಲು: ಬುದ್ಧಿಮಾಂದ್ಯ, ಯಾವ ಪ್ರಶ್ನೆಗೂ ಉತ್ತರವಿಲ್ಲ. ಅದನ್ನು ಬರೆದು ಒಂಬತ್ತು ವರ್ಷವಾಗಿತ್ತು.

ಅಫ್ಜಲುನ್ನೀಸಾ ಪರೀಕ್ಷೆಯ ಪುಸ್ತಕ ತೆಗೆದು ಆ ಪ್ರಶ್ನೆಗಳನ್ನು ಓದಿದಳು. ದೋಣಿಗೂ ರೈಲಿಗೂ ಇರುವ ಸಾಮ್ಯವೇನು ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದ್ದರು. ನಿಡುಗಲ್ಲಿನಲ್ಲಿ ದೋಣಿ ಕಂಡವರು ಯಾರು? ಆ ಕಡೆಯವರ ಮನೆಮಾತು ತೆಲುಗು; ಪಾವಗಡದಲ್ಲಿ ತಾಯಿಯ ತಾಯಿ ನಾನಿಯ ಮನೆಯಲ್ಲಿ ಬೆಳೆದಿದ್ದ ಅಫ್ಜಲುನ್ನೀಸಾಳಿಗೂ ಅದು ಬರುತ್ತಿತ್ತು. ವಾರ್ಡಿಗೆ ಹೋಗಿ ಆ ಹೆಂಗಸಿನ ಪಕ್ಕ ಕುಳಿತು, ಹುರುಳಿಗೂ ಕಡಲೇಕಾಯಿಗೂ ಏನು ಹೋಲಿಕೆ ಎಂದು ತೆಲುಗಿನಲ್ಲಿ ಕೇಳಿದಳು. ಚಿಕ್ಕಹನುಮಕ್ಕ ಥಟ್ಟನೆ ಅವಳತ್ತ ತಿರುಗಿದಳು. ಎರಡೂ ಮಳೆ ನಂಬಿದ ಬೆಳೆ, ಎರಡರ ಬಳ್ಳಿಯನ್ನೂ ದನ ತಿನ್ನುತ್ತವೆ ಎಂದಳು. ಆಮೇಲೆ ತಾನಾಗಿಯೇ, ಕೂಸು ಸತ್ತಾಗ ಉಣ್ಣದೆ ಅತ್ತದ್ದಕ್ಕೆ ತನ್ನನ್ನು ಇಲ್ಲಿಗೆ ತಂದರೆಂದು ಹೇಳಿದಳು.

ರಜೆಯಲ್ಲಿ ಅಫ್ಜಲುನ್ನೀಸಾ ನಿಡುಗಲ್ಲಿಗೆ ಹೋದಳು. ಚಿಕ್ಕಹನುಮಕ್ಕನ ಅಣ್ಣ ಕದಿರಯ್ಯ ಮಡಚಿಟ್ಟಿದ್ದ ಆಸ್ಪತ್ರೆಯ ಕಾಗದವನ್ನು ತೆಗೆದು ತೋರಿಸಿ, ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಹೇಳಿದ.

“ನೋಡಾಕೆ ಬರಬ್ಯಾಡ, ನಿನ್ನ ಕಂಡ್ರೆ ಕೆರಳ್ತಾಳೆ ಅಂತ ನೀವೇ ಬರೆದ್ರಲ್ಲಮ್ಮ. ಸತ್ತೋದ್ಲೋ ಏನೋ ಅಂದ್ಕೊಂಡಿದ್ವಿ.”

ತಾನೂ ಆ ಆಸ್ಪತ್ರೆಯವಳೇ ಎಂಬುದು ನೆನಪಾಗಿ ಅವಳಿಗೆ ತಲೆಯೆತ್ತಲಾಗಲಿಲ್ಲ.

ಮರಳಿದ ದಿನವೇ, ವಾರ್ಡನ್ನೂ ತರಬೇತಿಯನ್ನೂ ನೋಡಿಕೊಳ್ಳುತ್ತಿದ್ದ ಪ್ರೊಫೆಸರರ ಎದುರು ನಿಂತು, ಚಿಕ್ಕಹನುಮಕ್ಕ ತೆಲುಗಿನಲ್ಲಿ ಉತ್ತರಿಸಿದ್ದನ್ನು ಹೇಳಿದಳು. ಅವರು ಕನ್ನಡಕ ಒರೆಸುತ್ತ, “ಪ್ರಶ್ನೆ ಬದಲಾಯಿಸಿದರೆ ಅದು ಪರೀಕ್ಷೆಯೇ ಅಲ್ಲ. ನೀವಿನ್ನೂ ವಿದ್ಯಾರ್ಥಿನಿ” ಎಂದರು.

“ಅರ್ಥವಾಗದ ಭಾಷೆಯಲ್ಲಿ ಕೇಳಿದ್ದು ಮಾತ್ರ ಪರೀಕ್ಷೆಯೇ, ಸರ್?”

ಅವಳು ಕಂಡದ್ದನ್ನೆಲ್ಲ ಬರೆದು, ತಂಗಿಯನ್ನು ಮನೆಗೆ ಕಳಿಸಿರೆಂದು ಊರಿನಲ್ಲೇ ಬರೆಸಿಕೊಂಡಿದ್ದ ಕದಿರಯ್ಯನ ಹೆಬ್ಬೆಟ್ಟಿನ ಅರ್ಜಿಯನ್ನೂ ಲಗತ್ತಿಸಿ ಆಸ್ಪತ್ರೆಯ ಮೇಲಧಿಕಾರಿಗೆ ಕಳಿಸಿದಳು. ಉತ್ತರ ಬರದಿದ್ದಾಗ ಮತ್ತೆ ಬರೆದಳು. ಐದನೆಯ ತಿಂಗಳು ಬಿಡುಗಡೆಯ ಅಪ್ಪಣೆಯಾಗಿ ಕದಿರಯ್ಯ ಬಂದು ತಂಗಿಯನ್ನು ಕರೆದುಕೊಂಡು ಹೋದ. ಗೇಟಿನಾಚೆ ಚಿಕ್ಕಹನುಮಕ್ಕ ಬಸ್ಸು ಕಂಡು ಹೆದರಿ ಅಣ್ಣನ ತೋಳು ಹಿಡಿದಳು.

ಅಂದು ಸಂಜೆ ಕಡತದ ಕೊನೆಯಲ್ಲಿ ಪ್ರೊಫೆಸರರು, “ಚಿಕಿತ್ಸೆಯಿಂದ ಗುಣಮುಖ” ಎಂದು ಬರೆದಿದ್ದರು. ಅಫ್ಜಲುನ್ನೀಸಾ ಪೆನ್ನು ತೆಗೆದಳು. ಇಲ್ಲದ ರೋಗವನ್ನು ವಾಸಿ ಮಾಡಿದ ಹೆಮ್ಮೆ! ಅದರ ಕೆಳಗೆ, “ಈಕೆಗೆ ಬುದ್ಧಿಮಾಂದ್ಯವಿರಲಿಲ್ಲ” ಎಂದು ಬರೆದು ಸಹಿ ಹಾಕಿದಳು.

ಆ ವರ್ಷದ ತರಬೇತಿಯಲ್ಲಿ ಅವಳನ್ನು ಫೇಲು ಮಾಡಿದರು. ಮನೆಗೆ ಬಂದುಬಿಡು ಎಂದು ಶಿರಾದಿಂದ ಅಬ್ಬಾ ಬರೆದರು. ಅವಳು ಹೋಗಲಿಲ್ಲ, ಮತ್ತೆ ಮೊದಲ ವರ್ಷಕ್ಕೆ ಸೇರಿದಳು. ವಾರ್ಡಿನಲ್ಲಿ ಪಾವಗಡದ ಕಡೆಯ ಹೆಂಗಸರು ಇನ್ನೂ ಏಳು ಮಂದಿ ಇದ್ದರು.