ಪರೀಕ್ಷೆಗೆ ಒಬ್ಬರು ಬೇಕು

“ಪಿಚ್ಚಿ ಹಿಡಿದೋರ ಪರೀಕ್ಷೆಗೆ ನನ್ನ ಸೊಸೆ ಯಾಕೇ? ಊರಲ್ಲಿ ಇನ್ಯಾರೂ ಸಿಗಲಿಲ್ವಾ ನಿಂಗೆ?” ಮುನಿಯಲ್ಲಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಕತ್ತರಿಸುವುದನ್ನು ಬಿಟ್ಟು, ಕತ್ತಿ ಹಿಡಿದುಕೊಂಡೇ ನಡುಮನೆಗೆ ಬಂದಳು.

“ಹುಚ್ಚರದ್ದಲ್ಲಮ್ಮ, ಮನಶ್ಶಾಸ್ತ್ರದ್ದು. ಎಷ್ಟು ಸಲ ಹೇಳೋದು!” ಮಗಳು ಅನಸೂಯ ಜಡೆ ಹೆಣೆದುಕೊಳ್ಳುತ್ತಲೇ ಕೂಗಿದಳು.

ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರತಿ ವಿದ್ಯಾರ್ಥಿಯೂ ತನ್ನ ಜೊತೆ ಒಬ್ಬರನ್ನು ಕರೆದೊಯ್ಯಬೇಕು. ಪ್ರಯೋಗ ನಡೆಯುವುದು ಅವರ ಮೇಲೆ. ಬರುತ್ತೇನೆಂದಿದ್ದ ಪಕ್ಕದ ಬೀದಿಯ ಶ್ಯಾಮಲೆಯನ್ನು ಅವರಪ್ಪ ಹಿಂದಿನ ದಿನ ತಡೆದುಬಿಟ್ಟಿದ್ದ. ಹುಚ್ಚರ ಪರೀಕ್ಷೆಗೆ ಹೋಗಿಬಂದ ಹುಡುಗಿಗೆ ಗಂಡು ಎಲ್ಲಿಂದ ತರಲಿ ಎಂಬುದು ಅವನ ಪ್ರಶ್ನೆ. ಜೊತೆಗೆ ಯಾರೂ ಇಲ್ಲದಿದ್ದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಫೇಲು. ಫೇಲಾದರೆ ಸಾಕು, ಮುಳಬಾಗಿಲಿನ ಗಂಡಿನ ಕಡೆಯವರಿಗೆ ಹೂಂ ಎನ್ನಲು ಅಣ್ಣ ಆಂಜಿನಪ್ಪ ತುದಿಗಾಲಲ್ಲಿ ನಿಂತಿದ್ದ.

ಆ ಸೆಮಿಸ್ಟರಿನಲ್ಲಿ ಅನಸೂಯ ಪಟ್ಟ ಪಾಡು ಆ ದೇವರಿಗೇ ಪ್ರೀತಿ. ಕೋಳಿ ಕೂಗುವಾಗ ಎದ್ದು ಸೊಪ್ಪು ಕೊಯ್ಯುವುದು, ಹೋಳೂರಿನಿಂದ ಕೋಲಾರಕ್ಕೆ ಬಸ್ಸಿನಲ್ಲಿ ಟೊಮ್ಯಾಟೊ ಬುಟ್ಟಿಗಳ ಸಂದಿಯಲ್ಲಿ ಒಂಟಿಕಾಲಲ್ಲಿ ನಿಂತು ಸಂಖ್ಯಾಶಾಸ್ತ್ರದ ಸೂತ್ರ ಉರುಹೊಡೆಯುವುದು, ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರಯೋಗ, ಸಂಜೆ ಮನೆ ಸೇರಿದರೆ ಮತ್ತೆ ಹುಳು. ಹುಳುವಿಗೆ ಸೆಮಿಸ್ಟರು ಗೊತ್ತೇ? ಹೊತ್ತುಹೊತ್ತಿಗೆ ಸೊಪ್ಪು ಬಿದ್ದರೆ ಆಯಿತು. ಇಷ್ಟೆಲ್ಲ ಮಾಡಿ ಈಗ ಊರ ಬಾಯಿಗೆ ಹೆದರಿ ಮನೆಯಲ್ಲಿ ಕೂರುವುದೆಂದರೆ! ಅವಳಿಗೆ ಮೈ ಉರಿದುಹೋಯಿತು.

“ಅತ್ತೆ, ನಾನು ಹೋಗಿ ಬರ್ತೀನಿ.”

ಹೇಳಿದವಳು ಆಂಜಿನಪ್ಪನ ಹೆಂಡತಿ ಆದಿಲಕ್ಷ್ಮಿ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ಅವಳ ದನಿ ಕೇಳಿಸುತ್ತಿದ್ದುದೇ ಅಪರೂಪ.

“ಮಕ್ಕಳಾಗಲಿಲ್ಲಾಂತ ಜನ ಆಡ್ಕೊಳ್ಳೋದು ಸಾಲ್ದಾ? ತಲೇನೂ ಕೆಟ್ಟೈತೆ ಅನ್ನಿಸ್ಕೋಬೇಕಾ?” ಎಂದಳು ಮುನಿಯಲ್ಲಮ್ಮ.

“ಅನ್ಲಿ ಬಿಡಿ. ಇಷ್ಟು ದಿನ ಏನು ಅನ್ದೇ ಉಳಿಸವ್ರೆ?”

ಆಂಜಿನಪ್ಪ ಬಾಗಿಲಿಗೆ ಅಡ್ಡ ನಿಂತು ತಂಗಿಯ ಮೇಲೆ ಹರಿಹಾಯ್ದ. “ಹುಚ್ಚು ಬಿಡೋವರ್ಗೂ ಮದ್ವೆ ಆಗಲ್ಲ, ಮದ್ವೆ ಆಗೋವರ್ಗೂ ಹುಚ್ಚು ಬಿಡಲ್ಲ ಅನ್ನೋದು ನಿನ್ನಂಥೋಳ್ನ ನೋಡೇ ಕಣೇ!” ಅವನು ಗಾದೆ ಮುಗಿಸುವಷ್ಟರಲ್ಲಿ ಆದಿಲಕ್ಷ್ಮಿ ಅವನ ಪಕ್ಕದಲ್ಲೇ ನುಸುಳಿ ಬೀದಿಗಿಳಿದಿದ್ದಳು. ಅನಸೂಯ ಚೀಲ ಎತ್ತಿಕೊಂಡು ಹಿಂದೆಯೇ ಓಡಿದಳು.

ಕಾಲೇಜಿನಲ್ಲಿ ಅನಸೂಯಳ ಪಾಲಿಗೆ ಬಂದದ್ದು ಕನ್ನಡಿಯ ಪ್ರಯೋಗ. ಕೈ ಕಾಣದಂತೆ ಹಲಗೆ ಅಡ್ಡ ಇಟ್ಟಿರುತ್ತಾರೆ. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಆದಿಲಕ್ಷ್ಮಿ ಚೆನ್ನಾಗೇನೂ ಎಳೆಯಲಿಲ್ಲ. ಪೆನ್ಸಿಲ್ಲನ್ನು ಬೈದಳು, ಕನ್ನಡಿಯನ್ನು ಬೈದಳು, ಬೆವೆತಳು. ಅಂತೂ ಮುಗಿಸಿದಳು.

ಕೊನೆಗೆ ಒಂದು ಭಾಗವಿತ್ತು. ಬಂದವರಿಗೆ ಏನನ್ನಿಸಿತು ಎಂದು ಕೇಳಿ, ಅವರ ಮಾತಿನಲ್ಲೇ ಬರೆಯಬೇಕು. ಕೇಳುವವರು ಯಾರು! ‘ಪ್ರಯೋಗ ಆಸಕ್ತಿದಾಯಕವಾಗಿತ್ತು, ಯಾವ ತೊಂದರೆಯೂ ಆಗಲಿಲ್ಲ’ ಎಂದು ತರಗತಿಗೆ ತರಗತಿಯೇ ಬಾಯಿಪಾಠ ಮಾಡಿಕೊಂಡಿತ್ತು. ಅನಸೂಯಳೂ ‘ಪ್ರಯೋಗ’ ಎಂದು ಬರೆದಾಗಿತ್ತು. ಅತ್ತಿಗೆಯ ಬೆವೆತ ಮುಖ ನೋಡಿ ಅದನ್ನು ಹೊಡೆದುಹಾಕಿದಳು.

“ಏನನ್ನಿಸ್ತು ಅತ್ತಿಗೆ?”

ಆದಿಲಕ್ಷ್ಮಿ, ಕೇಳಿದ್ದು ತನ್ನನ್ನೇನಾ ಎಂದು ಹಿಂದಕ್ಕೆ ತಿರುಗಿ ನೋಡಿದಳು.

“ನಂಗಾ? ಮೊದ್ಲು ನಗು ಬಂತು. ಆಮೇಲೆ ರೇಗೋಯ್ತು. ರೇಗಿದ್ದು ಇವತ್ತೊಂದಿನ ಅಲ್ಲಮ್ಮ. ಮುದ್ದೆ ತಿರುವೋವಾಗ ರೇಗ್ತದೆ, ಸೊಪ್ಪು ಹೊರೋವಾಗ ರೇಗ್ತದೆ. ಡಾಕ್ಟರ ಹತ್ರ ಇಬ್ರೂ ಹೋಗಾಣ ಅಂದ್ರೆ ನಿಮ್ಮಣ್ಣ ಬರಲ್ಲ, ದೋಷ ಮಾತ್ರ ನನ್ದೇ. ನಂಗೆ ಪಿಚ್ಚಿ ಇಲ್ಲ ಅನಸೂಯ, ಸಿಟ್ಟೈತೆ. ಅಂಗೇ ಬರ್ಕೋ.”

ಅನಸೂಯ ಹಾಗೇ ಬರೆದಳು. ಅಣ್ಣನ ವಿಷಯವನ್ನೂ ಬಿಡಲಿಲ್ಲ. ಆದಿಲಕ್ಷ್ಮಿ ಹೇಳುತ್ತಲೇ ಹೋದಳು. ಅಕ್ಕಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿ ಇತ್ತ ತಿರುಗಿದರು.

ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರು ಬಂದು, ಬಗ್ಗಿ ಓದಿದರು. “ಏನಮ್ಮ ಇದು? ಸಂಸಾರದ ಗೋಳೆಲ್ಲ ಪ್ರಯೋಗಕ್ಕೆ ಸಂಬಂಧ ಇಲ್ಲ. ಹೊಡೆದುಹಾಕಿ ಎಲ್ಲರ ಥರ ಒಂದು ಸಾಲು ಬರಿ. ಇಲ್ಲದಿದ್ದರೆ ಅಂಕ ಹೋಗುತ್ತೆ, ಫೇಲಾಗ್ತೀಯ.”

ಫೇಲು ಎಂದ ಕೂಡಲೇ ಅನಸೂಯಳಿಗೆ ಮುಳಬಾಗಿಲಿನವರ ನೆನಪಾಯಿತು. ಆದಿಲಕ್ಷ್ಮಿ ಮಾತು ನಿಲ್ಲಿಸಿ, ತಪ್ಪು ಮಾಡಿದವಳ ಹಾಗೆ ಅರ್ಧ ಎದ್ದು ನಿಂತಳು.

“ಕೂತ್ಕೊಳ್ಳಿ ಅತ್ತಿಗೆ,” ಎಂದಳು ಅನಸೂಯ. ಆಮೇಲೆ ತಾನು ಎದ್ದು ನಿಂತಳು. “ಅವರ ಮಾತಲ್ಲೇ ಬರೀಬೇಕು ಅಂತ ಪ್ರಶ್ನೆಪತ್ರಿಕೇಲೇ ಐತೆ ಸಾರ್. ಅವರಿನ್ನೂ ಹೇಳಿ ಮುಗಿಸಿಲ್ಲ. ನಂಗೆ ಇನ್ನೊಂದು ಹಾಳೆ ಬೇಕು.”

ಪರೀಕ್ಷಕರು ಗಡಿಯಾರದ ಕಡೆ ನೋಡಿದರು. ಅನಸೂಯ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಆದಿಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.